ಗಣಪತಿ ಅಪ್ಪಿಕೊಂಡ ರೂಪಾಯಿ

ಬೆಳ್ಳಿಯ ರೇಟು ಟೀವಿಯ ತಳದಲ್ಲಿ ಓಡತೊಡಗಿದ್ದೇ ತಡ, ಮನೆಮಂದಿಯ ಕಣ್ಣೆಲ್ಲ ಅಮ್ಮನ ವರಮಹಾಲಕ್ಷ್ಮಿ ಡಬ್ಬಿಯ ಮೇಲೆ ಬಿತ್ತು. ಅದರಲ್ಲಿ ಅಜ್ಜಿಯ ಕಾಲದ ಐದು ರೂಪಾಯಿಗಳಿವೆ. ವರ್ಷಕ್ಕೊಮ್ಮೆ ಕಲಶದ ಮುಂದೆ ಕುಂಕುಮ ಮೆತ್ತಿಸಿಕೊಂಡು ಮತ್ತೆ ಡಬ್ಬಿ ಸೇರುವುದಷ್ಟೇ ಅವುಗಳ ಉದ್ಯೋಗ. ಎರಡು ಸಂಜೆ ಓದಿಕೊಂಡಿದ್ದ ನಾನು ಚಿನಿವಾರನ ಗತ್ತಿನಲ್ಲಿ ಕನ್ನಡಕ ಏರಿಸಿ ಕುಳಿತೆ.

ಐದರಲ್ಲಿ ನಾಲ್ಕು ಕಾವಲಿಯ ಹಾಗೆ ಕಪ್ಪಗಿದ್ದವು. ಒಂದು ಮಾತ್ರ ಫಳಫಳ. ಅಮ್ಮ ಅದನ್ನು ಬೇರೆ ಅರಿವೆಯಲ್ಲಿ ಸುತ್ತಿಟ್ಟಿದ್ದಳು. “ಇದು ಅಪ್ಪಟ. ಉಳಿದದ್ದು ಹೇಗೋ ಏನೋ.”

ವಿಕ್ಟೋರಿಯಾ ರಾಣಿಯದೊಂದು, ಐದನೇ ಜಾರ್ಜನ 1918ರದೊಂದು. ಇವೆರಡನ್ನು ಕಣ್ಣುಮುಚ್ಚಿ ಒಪ್ಪಿದೆ. ತೂಕ 11.66 ಗ್ರಾಂ, ಹಳೆಯ ಲೆಕ್ಕದಲ್ಲಿ ಒಂದು ತೊಲ, ನೂರಕ್ಕೆ 91.7ರಷ್ಟು ಬೆಳ್ಳಿ. ತಕರಾರೆಲ್ಲ ಆರನೇ ಜಾರ್ಜನದು. ಯುದ್ಧದ ನಡುವೆ, 1940ರಲ್ಲಿ, ಅವನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು. ಮಿಕ್ಕದ್ದು ತಾಮ್ರ, ಸತು, ನಿಕಲ್. ಹಾಲಿಗೆ ನೀರು ಬಿದ್ದರೂ ಚೊಂಬು ಹಳೆಯದೇ. ಖೋಟಾ ಮಾಡುವವರಿಗೆ ಸುಲಭವಾಗದಿರಲೆಂದು ಅಂಚಿನ ನಡುವೆ ಸಣ್ಣ ಕಾಲುವೆ ತೋಡಿದರು; ಉಗುರಿಗೆ ಸಿಗುತ್ತದೆ. ನಮ್ಮ 1944, 1945ರವು ಈ ಜಾತಿ. ಅಮೆರಿಕದಿಂದ ಸಾಲ ತಂದ ಬೆಳ್ಳಿಯನ್ನು ಯುದ್ಧ ಮುಗಿದ ಮೇಲೆ ಬೆಳ್ಳಿಯಾಗಿಯೇ ತೀರಿಸಬೇಕಿತ್ತು. ಹಾಗಾಗಿ 1947ರ ರೂಪಾಯಿ ಬರೀ ನಿಕಲ್. ಮುಂದೆ ಅದೇ ದೊರೆ, ಹಿಂದೆ ಒಂದು ಹುಲಿ.

ಅಮ್ಮನ ಅಪ್ಪಟವನ್ನು ತಿರುಗಿಸಿದೆ. ಹುಲಿ ನನ್ನನ್ನೇ ನೋಡಿತು.

ಬಾಯಲ್ಲಿ ಹೇಳಿದರೆ ನಂಬುವವಳಲ್ಲ. ಬೆಳ್ಳಿಯನ್ನು ಆಯಸ್ಕಾಂತ ಎಳೆಯುವುದಿಲ್ಲ, ನಿಕಲನ್ನು ಎಳೆಯುತ್ತದೆ. ಮನೆಯಲ್ಲಿದ್ದ ಆಯಸ್ಕಾಂತ ಒಂದೇ, ಫ್ರಿಜ್ಜಿನ ಬಾಗಿಲಿಗೆ ಅಂಟಿದ್ದ ಪುಟ್ಟ ಗಣಪತಿ. ಅವನನ್ನು ಕಿತ್ತು ತಂದು ನಾಲ್ಕು ಕಪ್ಪು ರೂಪಾಯಿಗಳ ಮೇಲೆ ಒಂದೊಂದಾಗಿ ಆಡಿಸಿದೆ. ಗಣಪತಿ ಜಪ್ಪೆನ್ನಲಿಲ್ಲ. “ನೋಡು, ಇವು ಬೆಳ್ಳಿ. ಗಾಳಿಯಲ್ಲಿನ ಗಂಧಕ ತಾಗಿ ಕಪ್ಪಾಗಿವೆ, ಅಷ್ಟೆ. ಹುಣಸೆಹಣ್ಣು ಹಾಕಿ ತಿಕ್ಕಬೇಡ, ಸಂಗ್ರಹ ಮಾಡುವವರು ಮೂಸುವುದಿಲ್ಲ” ಎಂದೆ. ಫಳಫಳದ್ದನ್ನು ಹತ್ತಿರ ತಂದದ್ದೇ ತಡ, ಟಕ್ಕೆಂದು ಹಾರಿ ಗಣಪತಿಯ ಬೆನ್ನಿಗಂಟಿತು.

ಅಮ್ಮ ಎರಡೂ ಕೈಯಿಂದ ಕೆನ್ನೆ ತಟ್ಟಿಕೊಂಡಳು.

“ಕಂಡೆಯಾ? ಐದರಲ್ಲಿ ಅವನು ಅಪ್ಪಿಕೊಂಡದ್ದು ಇದೊಂದನ್ನೇ. ಬೇಕಾದರೆ ಆ ನಾಲ್ಕನ್ನು ಮಾರಿಕೊಳ್ಳಿ.”