ತಿಪ್ಪೇಸ್ವಾಮಿ ಕುಲದ ಜಾಗತಿಕ ವಿಸ್ತಾರ: ಒಂದು ಪ್ರಾಥಮಿಕ ಶೋಧ

2015ರಲ್ಲಿ ಅಮೆರಿಕದ ‘ಎಕನಾಮಿಕ್ ಇನ್‌ಕ್ವೈರಿ’ ಎಂಬ ವಿದ್ವತ್ ಪತ್ರಿಕೆಯಲ್ಲಿ ಒಂದು ಪ್ರಬಂಧ ಅಚ್ಚಾಯಿತು. ಬರೆದವರು ನಾಲ್ವರು: ಗುಡ್‌ಮನ್, ಗುಡ್‌ಮನ್, ಗುಡ್‌ಮನ್ ಮತ್ತು ಗುಡ್‌ಮನ್. ವಿಷಯ, ಒಂದೇ ಮನೆತನದ ಹೆಸರಿನ ಅರ್ಥಶಾಸ್ತ್ರಜ್ಞರು ಜೊತೆಗೂಡಿ ಬರೆಯುವುದು. ಹಿಂದೆ ಹೀಗೆ ಸೇರಿದವರು ಹೆಚ್ಚೆಂದರೆ ಮೂವರು. ರಕ್ತಸಂಬಂಧವಾಗಲಿ ಮದುವೆ ಸಂಬಂಧವಾಗಲಿ ಇಲ್ಲದ ನಾಲ್ವರು ಕೂಡಿದ್ದು ತಮ್ಮದೇ ಮೊದಲು ಎಂದು ಅವರು ಹೇಳಿಕೊಂಡರು.

ನಾಲ್ವರೇ? ಫಾಲ್ಗುಣದಲ್ಲಿ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ತೇರಿಗೆ ಹೊರಟ ಯಾವುದಾದರೂ ಟ್ರ್ಯಾಕ್ಟರ್ ನಿಲ್ಲಿಸಿ, ಟ್ರೇಲರಿನಲ್ಲಿ ನಿಂತವರ ಹೆಸರು ಕೇಳಿ ನೋಡಿ. ಸುಡಲಿಕ್ಕೆಂದು ಒಣಕೊಬ್ಬರಿ ಚೀಲ ಹಿಡಿದವನು ತಿಪ್ಪೇಸ್ವಾಮಿ, ಅವನ ಹೆಗಲ ಮೇಲಿನ ಕೂಸು ತಿಪ್ಪೇಶ, ಡ್ರೈವರು ತಿಪ್ಪೇರುದ್ರಪ್ಪ, ಮೂಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತ ಕೂತ ಅಜ್ಜಿ ತಿಪ್ಪಮ್ಮ. ಇವರು ಯಾರೂ ಪ್ರಬಂಧ ಬರೆದವರಲ್ಲವಲ್ಲ ಎಂದು ವಿದ್ವಾಂಸರು ತಕರಾರು ತೆಗೆಯಬಹುದು. ಬರೆದವರನ್ನು ಹುಡುಕಿ ತೆಗೆಯುವುದೇ ಪ್ರಸ್ತುತ ಶೋಧದ ಗುರಿ.

ಮೊದಲು ಹೆಸರಿನ ಮೂಲ. ಚಳ್ಳಕೆರೆ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿ ನಾಯಕನಹಟ್ಟಿಯಲ್ಲಿ ನೆಲೆನಿಂತ ಗುರು ತಿಪ್ಪೇರುದ್ರಸ್ವಾಮಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳೆಲ್ಲ ತಿಪ್ಪೇಸ್ವಾಮಿಗಳು. ಇದು ಒಂದು ಪಕ್ಷ. ಹುಟ್ಟಿದ ಕೂಸುಗಳು ಉಳಿಯದ ಮನೆಯಲ್ಲಿ ಮುಂದಿನದನ್ನು ತಿಪ್ಪೆಯ ಮೇಲೊಮ್ಮೆ ಹೊರಳಿಸಿ, ಯಮನಿಗೂ ಬೇಡವಾಗಲಿ ಎಂದು ತಿಪ್ಪ ಎಂದು ಕರೆಯುತ್ತಿದ್ದರು ಎಂಬುದು ಇನ್ನೊಂದು ಪಕ್ಷ. ಎರಡು ಪಕ್ಷಗಳಿಗೂ ಜಗಳವಿಲ್ಲ. ಹರಕೆ ಹೊತ್ತವರೂ ಹೊರಳಿಸಿದವರೂ ಒಬ್ಬರೇ.

ಇನ್ನು ಶೋಧ. ಗೂಗಲ್ ಸ್ಕಾಲರ್ ತೆರೆದು ಮನೆತನದ ಹೆಸರು ತಿಪ್ಪೇಸ್ವಾಮಿ ಎಂದು ಹಾಕಿದೆವು. ಆಮೇಲೆ ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ಪ್ರಬಂಧಗಳ ಕಣಜವಾದ ಶೋಧಗಂಗಾದಲ್ಲೂ ಮುಳುಗೆದ್ದೆವು. ಬಂದ ಫಲ ನೋಡಿ ಪ್ರಬಂಧಕಾರ ಕುರ್ಚಿಯಿಂದ ಎದ್ದು ನಿಂತ. ಈ ಕುಲ ಕೈಹಾಕದ ಶಾಸ್ತ್ರವೇ ಇಲ್ಲ! ಕಾಂಕ್ರೀಟಿನಲ್ಲಿ ತಿಪ್ಪೇಸ್ವಾಮಿ, ಕಡಲೆಕಾಯಿಯಲ್ಲಿ ತಿಪ್ಪೇಸ್ವಾಮಿ, ವಚನ ಸಾಹಿತ್ಯದಲ್ಲಿ ತಿಪ್ಪೇಸ್ವಾಮಿ. ಬಾಖ್ ಎಂಬ ಒಂದು ಜರ್ಮನ್ ವಂಶ ಸಂಗೀತವೊಂದನ್ನೇ ಹಿಡಿದು ತಲೆಮಾರುಗಳನ್ನು ಕಳೆದದ್ದನ್ನು ನೆನೆದರೆ ಚಳ್ಳಕೆರೆಯ ಈ ವಂಶದ ಹರವು ಬೆರಗುಗೊಳಿಸುತ್ತದೆ. ವೇದಕ್ಕಿರುವಂತೆ ಇದಕ್ಕೂ ಶಾಖೆಗಳಿವೆ. ಇಂಗ್ಲಿಷಿನಲ್ಲಿ ಟಿ ಆದಮೇಲೆ ಎಚ್ ಹಾಕುವವರು, ಹಾಕದವರು. ಎರಡು ಪಿ ಇರುವವರು, ಒಂದರಲ್ಲೇ ತೃಪ್ತರಾದವರು. ವೈಯಲ್ಲಿ ಮುಗಿಸುವವರು, ಐಯಲ್ಲಿ ಮುಗಿಸುವವರು. ಯಾವನೋ ಗುಮಾಸ್ತ ತಿಪ್ಪೆಗೂ ಸ್ವಾಮಿಗೂ ನಡುವೆ ಜಾಗ ಬಿಟ್ಟಿದ್ದರಿಂದ ‘ಸ್ವಾಮಿ, ಟಿ.’ ಆಗಿ ದಕ್ಷಿಣ ಭಾರತದ ಸಮಸ್ತ ಸ್ವಾಮಿಗಳ ಪಾಲಾದವರು ಪ್ರತ್ಯೇಕ.

ಇಷ್ಟರಲ್ಲಿ ಒಂದು ಅಡಚಣೆ ತಲೆದೋರಿತು. ತಾತ ಬೋರಯ್ಯ, ಅಪ್ಪ ಓಬಯ್ಯ, ಮಗ ತಿಪ್ಪೇಸ್ವಾಮಿ. ನಮ್ಮಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ ನಿಲ್ಲುತ್ತದೆ, ಅದರ ಮುಂದೆ ಊರಿನದು. ಮನೆತನದ ಹೆಸರೆಂಬುದೇ ಇಲ್ಲ. ಆದರೆ ಗೂಗಲ್ ಸ್ಕಾಲರ್‌ನಂಥ ಸಂಗ್ರಹಗಳಿಗೆ ಅದು ಬೇಕೇ ಬೇಕು. ಕೊನೆಯ ಪದ ಯಾವುದೋ ಅದೇ ವಂಶವೆಂದು ಅವು ಬಗೆಯುತ್ತವೆ. ಹಾಗಾಗಿ ಒಂದೇ ಮನೆಯ ಮೂರು ತಲೆಮಾರು ಮೂರು ವಂಶವಾಗಿ, ಮುಖ ನೋಡದ ಊರಿನವರೆಲ್ಲ ದಾಯಾದಿಗಳಾಗಿ ಹೊರಬೀಳುತ್ತಾರೆ.

ಈ ಪ್ರಬಂಧಕಾರನ ಸ್ವಂತ ಅನುಭವವೊಂದನ್ನು ಇಲ್ಲಿ ಪ್ರಮಾಣವಾಗಿ ಕೊಡಬಹುದು. ಹೆಸರು ಹೇಳಬಾರದ ಒಂದು ಪತ್ರಿಕೆಗೆ ಲೇಖನ ಕಳಿಸುವಾಗ ಮನೆತನದ ಹೆಸರಿನ ಚೌಕದಲ್ಲಿ ಅಪ್ಪನ ಇಂಗ್ಲಿಷ್ ‘ಓ’ ಹಾಕಿದ. ಕನಿಷ್ಠ ಎರಡು ಅಕ್ಷರ ಬೇಕೆಂದು ಯಂತ್ರ ಕೆಂಪಗಾಯಿತು. ಇನ್ನೊಂದು ‘ಓ’ ಸೇರಿಸಿದ. ಯಂತ್ರಕ್ಕೆ ಸಮಾಧಾನವಾಯಿತು. ಅಂದಿನಿಂದ ಅವನು ಆ ಸಂಗ್ರಹದಲ್ಲಿ ‘ಊ, ಟಿ.’ ಆಗಿ, ಬರ್ಮಾದ ಊಗಳ ಸಾಲಿನಲ್ಲಿ ಕೂತಿದ್ದಾನೆ. ಅಲ್ಲಿ ಅವನಿಗೆ ಒಂದು ಸಮಾಧಾನ ಸಿಕ್ಕಿತು ಎನ್ನಬೇಕು. ಬರ್ಮಾದವರಿಗೂ ಮನೆತನದ ಹೆಸರಿಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅವರ ಆ ಊ ನಮ್ಮ ಶ್ರೀ ಇದ್ದ ಹಾಗೆ, ಬರೀ ಗೌರವ. ಅಂದರೆ ಲೋಕ ಅಷ್ಟು ವರ್ಷ ಅವರ ‘ಶ್ರೀ’ಯನ್ನು ಹೆಸರಿನ ಪಾಲೆಂದೇ ತಿಳಿದು ಮಾತಾಡಿಸಿತು.

ಮೊಳಕಾಲ್ಮೂರಿಗೆ ಹೋದರೆ ವಿಷಯ ಇನ್ನೂ ಜಟಿಲ. ಪೂರ್ವಕ್ಕೆ ಆಂಧ್ರದ ರಾಯದುರ್ಗ. ಅಲ್ಲಿಯ ತೆಲುಗರಿಗೆ ಇಂಟಿ ಪೇರು, ಅಂದರೆ ಮನೆಹೆಸರು ಉಂಟು, ಅದು ಹೆಸರಿನ ಮುಂದೆ ಬರುತ್ತದೆ. ಬಳ್ಳಾರಿ ದಾಟಿ ಧಾರವಾಡದ ದಿಕ್ಕು ಹಿಡಿದರೆ ಅಡ್ಡಹೆಸರು ಉಂಟು, ಅದು ಹಿಂದೆ ಬರುತ್ತದೆ. ಮೆಣಸಿನಕಾಯಿ, ಉಳ್ಳಾಗಡ್ಡಿ ಎಂದು ಅಡುಗೆಮನೆಯನ್ನೇ ಹೆಸರಿಗೆ ಕಟ್ಟಿಕೊಂಡವರು ಅವರು. ನಡುವೆ ಸಿಕ್ಕಿದವರು ನಾವು. ಮೊಳಕಾಲ್ಮೂರು ರೇಷ್ಮೆ ಸೀರೆಯ ಊರಾದ್ದರಿಂದ ಆ ಮಾತಿನಲ್ಲೇ ಹೇಳುವುದಾದರೆ, ಸೆರಗು ಒಬ್ಬರಿಗೆ ಮುಂದೆ, ಒಬ್ಬರಿಗೆ ಹಿಂದೆ. ನಮ್ಮದು ಪಂಚೆ.

ಪಂಚೆಯಾದರೂ ಅದಕ್ಕೊಂದು ಅಂಚಿದೆ, ಅದು ಊರು. ಇದಕ್ಕೆ ಚಳ್ಳಕೆರೆ ತಾಲ್ಲೂಕಿನ ತಳುಕಿಗಿಂತ ಒಳ್ಳೆಯ ಸಾಕ್ಷಿ ಬೇಡ. ಮೈಸೂರು ವಿಶ್ವವಿದ್ಯಾಲಯದ ಮೊದಲ ಕನ್ನಡ ಪ್ರಾಧ್ಯಾಪಕರು, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಅರ್ಪಿಸಿದ ಗುರು, ತಳುಕಿನ ಸುಬ್ಬಣ್ಣನವರ ಮಗ ವೆಂಕಣ್ಣಯ್ಯ. ಅವರ ತಮ್ಮ ತ.ಸು. ಶಾಮರಾಯ. ಅದೇ ಮನೆತನದ ಕಾದಂಬರಿಕಾರ, ‘ದುರ್ಗಾಸ್ತಮಾನ’ದ ತ.ರಾ.ಸು., ಅಂದರೆ ತಳುಕಿನ ರಾಮಸ್ವಾಮಯ್ಯ ಸುಬ್ಬರಾವ್. ಕನ್ನಡ ಓದುಗನಿಗೆ ಆ ‘ತ’ ಕಂಡರೆ ಸಾಕು, ಒಂದೇ ಮನೆಯೆಂದು ಗೊತ್ತಾಗುತ್ತದೆ. ಕೊನೆಯ ಪದ ಹಿಡಿದು ಹೋಗುವ ಸಂಗ್ರಹದಲ್ಲಿ ಒಬ್ಬರು ವಿ ಕಪಾಟಿನಲ್ಲಿ, ಒಬ್ಬರು ಎಸ್‌ನಲ್ಲಿ, ಇನ್ನೊಬ್ಬರು ರಾವ್ ಆಗಿ ಆರ್‌ನಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರ ಪಕ್ಕ. ಆ ಸಿ ಕೂಡ ಚಿಂತಾಮಣಿ ಎಂಬ ಊರೇ. ಎರಡು ಊರಿನವರನ್ನು ಊರು ಬಿಡಿಸಿ ನೆಂಟರನ್ನಾಗಿ ಮಾಡಿದ ಪುಣ್ಯ ಆ ಕಪಾಟಿನದು.

ಇಲ್ಲಿ ಪಾಶ್ಚಾತ್ಯ ಪಂಡಿತರು ಗಮನಿಸದ ಒಂದು ಸೂಕ್ಷ್ಮವಿದೆ. ಕನ್ನಡದ ಇನಿಶಿಯಲ್ ಬರೀ ಒಂದು ವ್ಯಂಜನವಲ್ಲ, ಕೊಂಬು ದೀರ್ಘಗಳ ಸಮೇತ ಬರುವ ಅಕ್ಷರ. ತಳುಕಿನವರು ‘ತ’, ತೀರ್ಥಪುರದ ತೀ.ನಂ.ಶ್ರೀ. ‘ತೀ’. ಇಂಗ್ಲಿಷಿನಲ್ಲಿ ಇಬ್ಬರಿಗೂ ಒಂದೇ ಒಣ ಟಿ. ಚಳ್ಳಕೆರೆಯ ‘ಚ’, ಚಿತ್ರದುರ್ಗದ ‘ಚಿ’ ಎರಡೂ ಸಿ ಆದಾಗ ತಾಲ್ಲೂಕು ಯಾವುದು, ಜಿಲ್ಲಾಕೇಂದ್ರ ಯಾವುದು ಎಂದು ಗೊತ್ತಾಗುವುದು ಹೇಗೆ?

ಹೆಸರು ನೋಡಿ ಮೋಸಹೋಗುವುದು ಕಂಪ್ಯೂಟರಿನ ಕಾಯಿಲೆ ಮಾತ್ರ ಎನ್ನುವವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿಬರಬೇಕು. ಅಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳನ್ನು ಶಾಸನತಜ್ಞ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದರು. ಬ್ರಹ್ಮಗಿರಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರಿಲ್ಲ, ದೇವಾನಂಪಿಯ ಎಂಬ ಬಿರುದು ಅಷ್ಟೇ. ಅದಕ್ಕೂ ಮುಂಚೆ, 1837ರಲ್ಲಿ, ಬ್ರಾಹ್ಮಿ ಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್‌ಗೆ ಉತ್ತರದ ಶಾಸನಗಳಲ್ಲಿ ಇದೇ ಹೆಸರು ಎದುರಾಗಿತ್ತು. ಅವರು ಹೆಸರು ಹಿಡಿದು ಹುಡುಕಿದರು. ಸಿಂಹಳದಲ್ಲಿ ದೇವಾನಂಪಿಯ ತಿಸ್ಸ ಎಂಬ ರಾಜ ಸಿಕ್ಕ. ಇವನೇ ಅವನು ಎಂದುಬಿಟ್ಟರು. ಅಲ್ಲಿದ್ದ ಜಾರ್ಜ್ ಟರ್ನರ್ ಪಾಲಿ ಗ್ರಂಥ ತೋರಿಸಿ, ಅವನು ಅಶೋಕ ಎಂದು ತಿದ್ದಬೇಕಾಯಿತು. 1915ರಲ್ಲಿ ರಾಯಚೂರು ಸೀಮೆಯ ಮಸ್ಕಿಯಲ್ಲಿ ಅಶೋಕ ಎಂದೇ ಬರೆದ ಕಲ್ಲು ಸಿಗುವ ತನಕ ಅಶೋಕನ ಆಧಾರ್ ಕಾರ್ಡ್ ಪೂರ್ತಿಯಾಗಿರಲಿಲ್ಲ.

ರಾಜನಿಗಿಂತ ಬರಹಗಾರನೇ ಜಾಣ. ಬ್ರಹ್ಮಗಿರಿಯ ಬರಹದ ಕೊನೆಗೆ ಬರೆದವನು ಚಪಡ ಎಂದಿದೆ. ಆಮೇಲೆ ‘ಲಿಪಿಕಾರನಿಂದ’ ಎಂಬ ಮಾತು ಮಾತ್ರ ಬ್ರಾಹ್ಮಿಯಲ್ಲಿಲ್ಲ, ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿದೆ. ವಾಯವ್ಯದ ಗಾಂಧಾರದ ಕಡೆ ಬಳಕೆಯಲ್ಲಿದ್ದ ಲಿಪಿ ಅದು. ಊರಿನ ಇನಿಶಿಯಲ್ ಹಾಕುವ ಬದಲು ಊರಿನ ಲಿಪಿಯನ್ನೇ ಹಾಕಿದ ಪುಣ್ಯಾತ್ಮ! ಇವತ್ತಿನ ಸಂಗ್ರಹಕ್ಕೆ ಕೊಟ್ಟರೆ ‘ಲಿಪಿಕಾರ, ಸಿ.’ ಎಂದು ದಾಖಲಾಗಿ, ಮರುದಿನವೇ ಲಿಪಿಕಾರ ವಂಶಸ್ಥರಿಂದ ಪತ್ರ ಬರುತ್ತದೆ. ಅಂದಹಾಗೆ, ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ರೈಸ್ ಪ್ರತಿ ಶಾಸನವನ್ನೂ ತಾಲ್ಲೂಕಿನ ಹ್ರಸ್ವಾಕ್ಷರ, ಮುಂದೊಂದು ಸಂಖ್ಯೆ ಕೊಟ್ಟು ಗುರುತಿಸಿದರು. ಕಲ್ಲಿಗೆ ಊರಿನ ಇನಿಶಿಯಲ್ ಸಾಕು ಎಂದು ಆ ದೊರೆಗೆ ತಿಳಿದಿತ್ತು. ಈಗ ಪ್ರಬಂಧ ಬರೆಯುವ ಮನುಷ್ಯರಿಗೆ ಆರ್ಕಿಡ್ ಎಂಬ 16 ಅಂಕಿಗಳ ಸಂಖ್ಯೆ ಕೊಡುತ್ತಿದ್ದಾರೆ.

ಕೊನೆಗೆ ಕ್ಷೇತ್ರಕಾರ್ಯ. ಚಳ್ಳಕೆರೆ ಬಸ್ ಸ್ಟ್ಯಾಂಡಿನಲ್ಲಿ, ಮಂಡಕ್ಕಿ ಒಗ್ಗರಣೆ ಅಂಗಡಿಯ ಮುಂದೆ ನಿಂತು ‘ತಿಪ್ಪೇಸ್ವಾಮೀ’ ಎಂದು ಒಮ್ಮೆ ಕೂಗಿದೆವು. ಪಾವಗಡ ಬಸ್ಸಿನ ಕಿಟಕಿಯಿಂದ ಒಂದು ತಲೆ ಹೊರಬಂತು. ಕಂಬಳಿ ಹೊತ್ತವನೊಬ್ಬ ತಿರುಗಿದ. ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಅಜ್ಜ ಮಾತ್ರ ತಲೆಯೆತ್ತದೆ ಕೇಳಿದ:

“ಯಾವ ತಿಪ್ಪೇಸ್ವಾಮಿ ಬೇಕಪ್ಪ? ಯಾವೂರು? ಯಾರ ಮಗ?”

ನಮ್ಮದನ್ನೇ ಹೇಳಿದೆವು.

“ಯಾವ ಬೆಡಗು? ಯಾವ ದೇವ್ರ ಒಕ್ಕಲು?”

ಅದನ್ನೂ ಹೇಳಿದ ಮೇಲೆ ಜಾಲರಿಯಿಂದ ಬಜ್ಜಿ ಎತ್ತಿ ಎಣ್ಣೆ ಸೋರಿಸುತ್ತ, “ಹಂಗಾದ್ರೆ ನೀನು ನಮ್ ಭಾವಮೈದ್ನನ ಕಡೆಯೋನು, ಕೂತ್ಕೊ” ಅಂದ. ನಾಲ್ಕು ಪ್ರಶ್ನೆ, ಅರ್ಧ ನಿಮಿಷ. ಈ ಸೀಮೆಯ ಮ್ಯಾಸಬೇಡರಲ್ಲಿ, ಕಾಡುಗೊಲ್ಲರಲ್ಲಿ ಒಂದೇ ಬೆಡಗಿನೊಳಗೆ, ಅಂದರೆ ಒಂದೇ ವಂಶದ ಕವಲಿನೊಳಗೆ, ಹೆಣ್ಣು ತರುವಂತಿಲ್ಲ. ಹಾಗಾಗಿ ನೆಂಟನೋ ದಾಯಾದಿಯೋ ಎಂಬ ಹುಡುಕಾಟ ಅಲ್ಲಿ ಪ್ರತಿ ಮದುವೆಗೂ ನಡೆಯುತ್ತದೆ, ತಪ್ಪಾದರೆ ಕಟ್ಟೆಮನೆಯಲ್ಲಿ ಪಂಚಾಯ್ತಿಯೂ ಆಗುತ್ತದೆ. ಯಾವ ಅರ್ಜಿಯಲ್ಲೂ ಬೆಡಗಿಗೆ ಚೌಕವಿಲ್ಲ.

ಇಷ್ಟಾದರೂ ಗುಡ್‌ಮನ್ನರ ದಾಖಲೆಯನ್ನು ಹಾಗೇ ಬಿಡಲಾಗದು. ನಾಯಕನಹಟ್ಟಿ ಪಕ್ಕದ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ 1500 ಎಕರೆ ಆವರಣವೇ ಬಂದಿರುವಾಗ ನಾವು ಹಿಂದುಳಿಯಬಾರದು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಐವರು ತಿಪ್ಪೇಸ್ವಾಮಿಗಳು ಬೇಕಾಗಿದ್ದಾರೆ. ಶಾಸ್ತ್ರ ಯಾವುದಾದರೂ ಆದೀತು, ಇಂಗ್ಲಿಷಿನಲ್ಲಿ ಎಷ್ಟು ಪಿ ಹಾಕಿದರೂ ಸರಿ, ಮಂಡಕ್ಕಿ ಖರ್ಚು ನನ್ನದು. ಒಪ್ಪಿಗೆ ಇರುವವರು ಚಳ್ಳಕೆರೆ ಬಸ್ ಸ್ಟ್ಯಾಂಡಿಗೆ ಬಂದು ನಿಮ್ಮದೇ ಹೆಸರು ಹಿಡಿದು ಜೋರಾಗಿ ಕೂಗಿ. ತಿರುಗಿ ನೋಡುವವರಲ್ಲಿ ಕನ್ನಡಕ ಹಾಕಿದವನು ನಾನು.