ಸೊಟ್ಟ ಪ್ಲೇಟಿನ ಸಹವಾಸ

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ಕಟ್ಟಿದವರು ಡಿಜೆಗಳನ್ನು ಕಂಡಿರಲಾರರು. ನಮ್ಮ ಕಸುಬಿನಲ್ಲಿ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ನೆಲವೆಂದರೆ ನಿಮಿಷಕ್ಕೆ 33⅓ ಸುತ್ತು ಹಾಕುವ ಹನ್ನೆರಡಿಂಚಿನ ಕರೀ ಪ್ಲೇಟು. ಎದುರಿಗೆ ಕುಣಿಯುತ್ತಿರುವವರಿಗೆ ಅದರ ಡೊಂಕು ಕಾಣುವುದಿಲ್ಲ. ಹಿಂದೆ ನಿಂತವನಿಗೆ ಮಾತ್ರ, ಮುಳ್ಳು ಹೊತ್ತ ಹೆಡ್‌ಶೆಲ್ಲು ಸುತ್ತಿಗೊಮ್ಮೆ ದಿಬ್ಬ ಹತ್ತಿ ಇಳಿಯುವುದು ಕಾಣುತ್ತಿರುತ್ತದೆ. ಅದು ಇಳಿಯುವಾಗಲೆಲ್ಲ ಉಸಿರು ಬಿಗಿಹಿಡಿಯುವುದು ಅಭ್ಯಾಸವಾಗಿ ಹೋಗಿದೆ.

ಬೆಂಗಳೂರಿನ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಸೇರುವ ಹಳೇ ಸಾಮಾನಿನ ಬಜಾರಿಗೆ ಹೋದರೆ ಈ ಡೊಂಕಿನ ಮೂಲ ಅರ್ಥವಾಗುತ್ತದೆ. ಕೆಟ್ಟ ಮಿಕ್ಸಿ, ಒಂಟಿ ಶೂ, ರಿಮೋಟುಗಳ ರಾಶಿ, ಅವುಗಳ ಪಕ್ಕದಲ್ಲಿ ಬಿಸಿಲಿಗೆ ಮೈಯೊಡ್ಡಿ ಮಲಗಿದ ರೆಕಾರ್ಡುಗಳು. ವಿನೈಲ್ ಅನ್ನುವುದು ಪಿವಿಸಿ ಜಾತಿಯ ಪ್ಲಾಸ್ಟಿಕ್ಕು. 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಮೆತ್ತಗಾಗತೊಡಗುತ್ತದೆ. ಬಿಸಿಲಿಗೆ ನಿಲ್ಲಿಸಿ ಗಾಜು ಮುಚ್ಚಿದ ಕಾರಿನೊಳಗೆ ಅಷ್ಟು ಕಾವು ಸಲೀಸಾಗಿ ಏರುತ್ತದೆ. ಬಿಸಿಲೇ ಬೇಕೆಂದೂ ಇಲ್ಲ. ಕಪಾಟಿನಲ್ಲಿ ಓರೆಯಾಗಿ ಒರಗಿಸಿಟ್ಟರೂ ವರ್ಷಗಳು ಕಳೆದಂತೆ ಬಾಗುತ್ತದೆ. ಹೊಸ ರೆಕಾರ್ಡಿಗೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಬಿಗಿಯಾದರೂ ಬಾಗುತ್ತದೆ. ಕಾರ್ಖಾನೆಯಲ್ಲಿ ಅಚ್ಚಿನಿಂದ ತೆಗೆಯುವಾಗ ಪೂರ್ತಿ ಆರಲು ಬಿಡದಿದ್ದರೆ ಹುಟ್ಟುತ್ತಲೇ ಸೊಟ್ಟ. ಬಜಾರಿನ ವ್ಯಾಪಾರಿಗೆ ಇದೆಲ್ಲ ಗೊತ್ತಿದೆ, ಒಪ್ಪಿಕೊಳ್ಳುವುದಿಲ್ಲ ಅಷ್ಟೆ.

“ಸೊಟ್ಟ ಆಗಿದೆಯಲ್ಲಣ್ಣ?”

“ಸೊಟ್ಟ ಎಲ್ಲಿ ಸಾರ್, ಒಂಚೂರು ಬೆಂಡು. ಹಾಕ್ ನೋಡಿ, ಹಾಡುತ್ತೆ.”

ಅವನ ಮಾತು ಸುಳ್ಳಲ್ಲ. ಹಾಡುವುದೇನೋ ಹಾಡುತ್ತದೆ. ಪ್ಲೇಟನ್ನು ಕಣ್ಣಿನ ಮಟ್ಟಕ್ಕೆ ಅಡ್ಡ ಹಿಡಿದು, ಅಂಚನ್ನು ನಿಧಾನಕ್ಕೆ ತಿರುಗಿಸಿ ನೋಡಿದರೆ ಅದು ಯಾವ ಬಗೆಯ ಬೆಂಡು ಎಂದು ತಿಳಿಯುತ್ತದೆ. ನಡು ತಗ್ಗಿ ಸುತ್ತಲೂ ಅಂಚು ಸಮನಾಗಿ ಎದ್ದಿದ್ದರೆ ಅದು ಸಾಧು. ಅಂಚಿನಲ್ಲಿ ಒಂದೇ ಕಡೆ ಕೆಂಡದ ಮೇಲೆ ಸುಟ್ಟ ಹಪ್ಪಳದ ಹಾಗೆ ಮುರುಟಿಕೊಂಡಿದ್ದರೆ ಜಗಳಗಂಟಿ. ಮುಳ್ಳು ಆ ಏರನ್ನು ಹತ್ತುವಾಗ ಗೆರೆಯ ಮೇಲೆ ಒತ್ತಡ ಹೆಚ್ಚುತ್ತದೆ. ಇಳಿಯುವಾಗ ಪ್ಲೇಟು ಕೆಳಗೆ ಸರಿದಷ್ಟು ಬೇಗ ಮುಳ್ಳು ಹಿಡಿದ ತೋಳು ಸರಿಯುವುದಿಲ್ಲ. ಆ ಒಂದು ಗಳಿಗೆ ಮುಳ್ಳು ಗಾಳಿಯಲ್ಲಿ. ಮರಳಿ ಬೀಳುವುದು ಪಕ್ಕದ ಗೆರೆಗೆ. ಪ್ರೇಮಿಗಳು ಇನ್ನೂ ಪೀಠಿಕೆಯಲ್ಲಿರುವಾಗಲೇ ಹಾಡು ಎರಡನೇ ಚರಣಕ್ಕೆ ಬಂದಿರುತ್ತದೆ.

ಇದಕ್ಕೆ ನಮ್ಮ ಹಳೆಯ ಮೈಕ್‌ಸೆಟ್‌ನವರು ಒಂದು ಮದ್ದು ಕಂಡುಕೊಂಡಿದ್ದರು. ಮದುವೆ ಮನೆಯ ಚಪ್ಪರದಲ್ಲಿ, ಗಣೇಶನ ಪೆಂಡಾಲಿನಲ್ಲಿ, ಟೆಂಟ್ ಸಿನಿಮಾದ ಟಿಕೆಟ್ ಕಿಂಡಿಯ ಹಿಂದೆ ಕೂತು ಊರಿಗೆಲ್ಲ ಹಾಡು ಹಾಕುತ್ತಿದ್ದ ಅವರನ್ನು ನಾನು ನಮ್ಮ ಕುಲದ ಮೂಲಪುರುಷರೆಂದೇ ಎಣಿಸುತ್ತೇನೆ. ಮುಳ್ಳು ಹಾರಿತೋ, ಜೇಬಿನಿಂದ ನಾಣ್ಯ ತೆಗೆದು ತೋಳಿನ ತಲೆಯ ಮೇಲಿಟ್ಟರು, ಮುಗಿಯಿತು. ಇವತ್ತಿನ ಒಂದು ರೂಪಾಯಿ ನಾಣ್ಯ ಮೂರು ಗ್ರಾಮಿಗಿಂತ ತುಸು ಹೆಚ್ಚು ತೂಗುತ್ತದೆ. ಡಿಜೆ ಮುಳ್ಳುಗಳಿಗೆ ಸಾಮಾನ್ಯವಾಗಿ ಹೇಳುವ ಭಾರವೂ ಮೂರು ಗ್ರಾಮಿನ ಆಸುಪಾಸಿನದೇ. ಅಂದರೆ ರೂಪಾಯಿ ಇಟ್ಟ ಕೂಡಲೇ ಭಾರ ದುಪ್ಪಟ್ಟು. ಹಾಡು ಹಾರುವುದಿಲ್ಲ ನಿಜ, ಗೆರೆ ಸವೆಯುತ್ತದೆ. ಮೈಕ್‌ಸೆಟ್‌ನವರ ಪೆಟ್ಟಿಗೆಯಿಂದ ಬಂದ ಪ್ಲೇಟುಗಳಲ್ಲಿ ಗಾಯಕಿಯ ದನಿಯ ಜೊತೆ ಒಲೆಯ ಮೇಲೆ ಸಾಸಿವೆ ಸಿಡಿಯುವ ಸದ್ದೂ ಸೇರಿರುವುದು ಈ ಕಾರಣಕ್ಕೆ. ಚಪ್ಪರದಲ್ಲಿ ಕೂತವನಿಗೆ ಮುಂದಿನ ಪೀಳಿಗೆಯ ಗೆರೆಗಿಂತ ಬೀಗರ ಮುಖ ಮುಖ್ಯವಾಗಿತ್ತು. ನಾನಾದರೂ ಅಲ್ಲಿದ್ದಿದ್ದರೆ ನಾಣ್ಯವನ್ನೇ ಹುಡುಕುತ್ತಿದ್ದೆ.

ಮನೆಯಲ್ಲಿ ಆರಾಮಕುರ್ಚಿ ಹಾಕಿಕೊಂಡು ರೆಕಾರ್ಡು ಕೇಳುವವರಿಗೆ ಈ ತಾಪತ್ರಯ ಕಡಿಮೆ. ಅವರು ಪ್ಲೇಟಿನ ನಡುವೆ ಭಾರದ ಬಿಲ್ಲೆ ಇಡುತ್ತಾರೆ, ಅಂಚಿಗೆ ಲೋಹದ ಬಳೆ ತೊಡಿಸುತ್ತಾರೆ, ಪ್ಲೇಟು ಅಲುಗಾಡದೆ ಅಂಟಿ ಕೂರುತ್ತದೆ. ನಮಗೆ ಹಾಗೆ ಅಂಟಿ ಕೂತರೆ ಕೆಲಸವೇ ಇಲ್ಲ. ಕೆಳಗೆ ಮೋಟಾರು ತಿರುಗುತ್ತಿದ್ದರೂ ಮೇಲೆ ಪ್ಲೇಟನ್ನು ಬೆರಳಲ್ಲಿ ತಡೆದು ನಿಲ್ಲಿಸಬೇಕು, ಹಿಂದಕ್ಕೆಳೆಯಬೇಕು, ಸರಿಯಾದ ತಾಳಕ್ಕೆ ಬಿಡಬೇಕು. ಈ ಜಾರಾಟಕ್ಕಾಗಿಯೇ ನಡುವೆ ಸ್ಲಿಪ್‌ಮ್ಯಾಟ್ ಎಂಬ ಬಟ್ಟೆ. ಅದರ ಹುಟ್ಟಿನ ಕತೆ ನನಗೆ ಬಲು ಇಷ್ಟ. 1970ರ ದಶಕ, ನ್ಯೂಯಾರ್ಕಿನ ಬ್ರಾಂಕ್ಸ್. ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂಬ ಹುಡುಗನಿಗೆ ಟರ್ನ್‌ಟೇಬಲ್ಲಿನ ರಬ್ಬರು ಹಾಸು ಪ್ಲೇಟನ್ನು ಹಿಡಿದುಕೊಳ್ಳುತ್ತದೆಂದು ಬೇಸರ. ಅವನ ತಾಯಿ ಹೊಲಿಗೆ ಬಲ್ಲವಳು. ಫೆಲ್ಟ್ ಬಟ್ಟೆ ತಂದು, ದುಂಡಗೆ ಕತ್ತರಿಸಿ, ಗಂಜಿ ಹಾಕಿ ಗರಿಗರಿಯಾಗಿ ಇಸ್ತ್ರಿ ಮಾಡಿದ. ಹಿಪ್‌ಹಾಪ್ ಎನ್ನುವ ಜಗದ್ವಿಖ್ಯಾತ ಗದ್ದಲದ ಬುಡದಲ್ಲಿ ಗಂಜಿ ಹಾಕಿದ ಇಸ್ತ್ರಿ ಬಟ್ಟೆಯಿದೆ ಎಂದರೆ ನಮ್ಮ ಮಲ್ಲೇಶ್ವರದ ಅಜ್ಜಿಯರಿಗೆ ಖುಷಿಯಾದೀತು.

ಆದರೆ ಗಂಜಿ ಹಾಕಿದ ಬಟ್ಟೆಗೆ ಸೊಟ್ಟ ಪ್ಲೇಟಿನ ಮುಂದೆ ಏನೂ ನಡೆಯುವುದಿಲ್ಲ. ನಡು ತಗ್ಗಿದ ಬದಿ ಮೇಲಿದ್ದರೆ ಪ್ಲೇಟು ಬಟ್ಟೆಗೆ ತಾಗುವುದು ಲೇಬಲ್ಲಿನ ಸುತ್ತಮುತ್ತ ಮಾತ್ರ. ಅಂಚಿಗೆ ಕೈಯಿಟ್ಟರೆ ಆ ಕಡೆ ವಾಲಿ, ಎದುರು ಕಡೆ ಏಳುತ್ತದೆ. ಮಗುಚಿ ಹಾಕಿದರೆ ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಚೆನ್ನಾಗಿರುತ್ತದೆ, ಒತ್ತಿದಾಗ ಮಾತ್ರ ನಡು ಕುಸಿಯುತ್ತದೆ. ಹಾಗಾಗಿ ಸೊಟ್ಟ ಪ್ಲೇಟಿಗೆ ಬದಿ ಆರಿಸುವುದರಲ್ಲೇ ಅರ್ಧ ಜಾಣತನ. ಬೇಕಾದ ಹಾಡು ಯಾವಾಗಲೂ ಇನ್ನೊಂದು ಬದಿಯಲ್ಲಿರುತ್ತದೆ, ಅದು ಬೇರೆ ಮಾತು.

ಇನ್ನು ತಾಳದ ಲೆಕ್ಕ. ಎರಡು ಟರ್ನ್‌ಟೇಬಲ್ಲುಗಳಲ್ಲಿ ಎರಡು ಹಾಡು ಒಂದೇ ನಡೆಯಲ್ಲಿ ಸಾಗುವಂತೆ ಮಾಡುವುದೇ ನಮ್ಮ ಮುಖ್ಯ ಕುಶಲತೆ. 33⅓ರ ಪ್ಲೇಟಿನ ಒಂದು ಸುತ್ತಿಗೆ 1.8 ಸೆಕೆಂಡು. ನಿಮಿಷಕ್ಕೆ 120 ಪೆಟ್ಟಿನ ಹಾಡಾದರೆ ಆ ಹೊತ್ತಿನಲ್ಲಿ 3.6 ಪೆಟ್ಟು ಬೀಳುತ್ತವೆ. ಹಾಗಾಗಿ ದಿಬ್ಬ ಒಂದು ಸಲ ಮೊದಲ ಪೆಟ್ಟಿಗೆ ಬಂದರೆ ಮುಂದಿನ ಸಲ ಇನ್ನೆಲ್ಲೋ. ಶ್ರುತಿ ಅಲ್ಲಲ್ಲಿ ತುಸು ಅಲುಗುತ್ತದೆ, ಎಲ್ಲಿ ಅಲುಗುವುದೆಂದು ಕಿವಿ ಊಹಿಸಲಾರದು. ಅದೇ 133⅓ ಪೆಟ್ಟಿನ ಹಾಡನ್ನು ತೆಗೆದುಕೊಳ್ಳಿ: ಒಂದು ಸುತ್ತಿಗೆ ಸರಿಯಾಗಿ ನಾಲ್ಕು ಪೆಟ್ಟು. ದಿಬ್ಬ ಪ್ರತಿಸಲವೂ ಒಂದೇ ಪೆಟ್ಟಿನ ಮೇಲೆ ಬರುತ್ತದೆ, ತಾಳ ಹಾಕುವವನ ಮುದ್ರೆಯಷ್ಟೇ ನಿಯತ್ತಾಗಿ. ಟೆಕ್ನಿಕ್ಸ್ ಎಸ್‌ಎಲ್-1200 ಎಂಕೆ2 ಟರ್ನ್‌ಟೇಬಲ್ಲಿನ ಮೇಲೆ ವೇಗ ಬದಲಿಸುವ ಪಿಚ್ ಗುಂಡಿಯನ್ನು ಎಂಟು ಶೇಕಡಾ ಮೇಲೆ ತಳ್ಳಿ, ಎಂಟು ಶೇಕಡಾ ಕೆಳಗೆಳೆಯಿರಿ, ಈ ಲೆಕ್ಕ ತಪ್ಪುವುದಿಲ್ಲ. ಸುತ್ತೂ ಪೆಟ್ಟೂ ಕೂಡಿಯೇ ಏರುತ್ತವೆ, ಕೂಡಿಯೇ ಇಳಿಯುತ್ತವೆ. ಅಂಥದೊಂದು ಟೆಕ್ನೋ ಪ್ಲೇಟು ನನ್ನ ಬಳಿ ಇದೆ. ಅದನ್ನು ಕೇಳಿದ ಹುಡುಗನೊಬ್ಬ ಹತ್ತಿರ ಬಂದು, ನಾಲ್ಕನೇ ಪೆಟ್ಟಿನ ಆ ಸಣ್ಣ ತೊನೆದಾಟ ಯಾರ ಪ್ರೊಡಕ್ಷನ್ ಎಂದು ಗೌರವದಿಂದ ಕೇಳಿದ. ಸೂರ್ಯನದು ಎಂದೆ. ಇನ್‌ಸ್ಟಾದಲ್ಲಿ ಹುಡುಕುತ್ತೇನೆ ಎಂದು ಹೋದ.

ಸೊಟ್ಟ ಪ್ಲೇಟು ಸದ್ದಿಲ್ಲದೆ ಮಾಡುವ ಇನ್ನೊಂದು ಕಿತಾಪತಿಯಿದೆ. ಮುಳ್ಳಿನ ಏರಿಳಿತವನ್ನೂ ಆಂಪ್ಲಿಫೈಯರ್ ಸಂಗೀತವೆಂದೇ ನಂಬಿ ದೊಡ್ಡದು ಮಾಡುತ್ತದೆ. ಕಿವಿಗೆ ಏನೂ ಕೇಳದು. ದೊಡ್ಡ ಸ್ಪೀಕರಿನ ಕೋನು ಮಾತ್ರ ಒಳಕ್ಕೂ ಹೊರಕ್ಕೂ ಏದುಸಿರು ಬಿಡುತ್ತಿರುತ್ತದೆ. ತಗ್ಗಿನ ಸದ್ದು ತಡೆಯುವ ಫಿಲ್ಟರು ಇದ್ದರೆ ಹಾಕಿಕೊಳ್ಳುವುದು ಲೇಸು.

ನೆಟ್ಟಗೆ ಮಾಡಬಾರದೇ ಎಂದು ಕೇಳುತ್ತಾರೆ. ಮಾಡುವವರಿದ್ದಾರೆ. ದಪ್ಪ ಪುಸ್ತಕಗಳ ಕೆಳಗೆ ತಿಂಗಳುಗಟ್ಟಲೆ ಇಡುವುದರಿಂದ ಹೆಚ್ಚೇನೂ ಆಗುವುದಿಲ್ಲ. ಕಾವಿಲ್ಲದೆ ಪ್ಲಾಸ್ಟಿಕ್ಕು ಪಟ್ಟು ಬಿಡುವುದಿಲ್ಲ. ಎರಡು ಗಾಜಿನ ಹಲಗೆಗಳ ನಡುವೆ ಹದವಾಗಿ ಬಿಸಿ ಮಾಡಿ, ಹಾಗೆಯೇ ತಣಿಯಲು ಬಿಡುವುದು ಸರಿಯಾದ ದಾರಿ. ಬಿಸಿ ಮಾಡುವುದು ಎಲ್ಲರಿಗೂ ಬರುತ್ತದೆ, ತಣಿಯುವವರೆಗೆ ಕಾಯುವುದು ಬರುವುದಿಲ್ಲ. ಕಾವು ಸ್ವಲ್ಪ ಮೀರಿದರೆ ಪ್ಲೇಟು ಕನ್ನಡಿಯಷ್ಟು ಸಪಾಟಾಗುತ್ತದೆ, ಗೆರೆಯೊಳಗಿನ ಹಾಡು ಮಂಕಾಗಿರುತ್ತದೆ. ಅಂಥ ಶಿಸ್ತಿಗಿಂತ ಸೊಟ್ಟವೇ ವಾಸಿ ಎಂಬ ಪಕ್ಷ ನನ್ನದು. ಅಂಚಿನಲ್ಲಿ ಮಾತ್ರ ಮುರುಟಿದ್ದರೆ ಮೊದಲ ಹಾಡು ಬಿಟ್ಟು ಒಳಗಿನದನ್ನು ಹಾಕಿದರಾಯಿತು. ಒಳಗಿನ ಗೆರೆಗಳಲ್ಲಿ ಮುಳ್ಳಿನ ಕೆಳಗೆ ಪ್ಲೇಟು ಸರಿಯುವ ವೇಗ ಹೊರಗಿನದರ ಅರ್ಧಕ್ಕೂ ಕಡಿಮೆ, ದನಿಯ ಹೊಳಪು ತುಸು ಇಳಿಯುತ್ತದೆ, ಅಷ್ಟು ಸಹಿಸಬೇಕು. ಪಿಯಾನೊ, ನಾಗಸ್ವರಗಳ ನೀಳ ಸ್ವರಗಳಿರುವ ಕಡೆ ಡೊಂಕು ಕೂಡಲೇ ಸಿಕ್ಕಿಬೀಳುತ್ತದೆ. ಡೋಲು, ಡ್ರಮ್ಮುಗಳ ಸಂತೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಶಂಕರನಾಗ್ ನಿರ್ದೇಶಿಸಿದ, ಇಳಯರಾಜಾ ಸಂಗೀತದ ‘ಗೀತಾ’ 1981ರಲ್ಲಿ ಬಂದದ್ದು. ಅದರ ಸೊಟ್ಟ ಪ್ರತಿಯೊಂದನ್ನು ಡ್ರಮ್ಮು ಗಿಟಾರು ಜೋರಾಗಿರುವ ಜಾಗಗಳಿಗೆಂದೇ ಇಟ್ಟುಕೊಂಡಿದ್ದೇನೆ. ಯಾರೂ ಇದುವರೆಗೆ ದೂರಿಲ್ಲ.

ಕಂಪ್ಯೂಟರಿನ ಹಾಡನ್ನು ಪ್ಲೇಟಿನಿಂದ ಆಡಿಸುವ ಟೈಮ್‌ಕೋಡ್ ವಿನೈಲ್ ಬಂದ ಮೇಲೆ ಈ ಪಾಡು ತಪ್ಪಿತು ಎಂದುಕೊಂಡವರಿದ್ದಾರೆ. ಅದೂ ವಿನೈಲೇ ತಾನೆ, ಅದೂ ಬಾಗುತ್ತದೆ. ಆಗ ಪರದೆಯ ಮೇಲಿನ ವೇಗದ ಅಂಕಿ ಒಂದೆಡೆ ನಿಲ್ಲದೆ ನಡುಗುತ್ತಿರುತ್ತದೆ. ಮೊದಲು ಕಿವಿಗೆ ಮಾತ್ರ ಗೊತ್ತಾಗುತ್ತಿದ್ದುದು ಈಗ ದಶಮಾಂಶದಲ್ಲೂ ಗೊತ್ತಾಗುತ್ತದೆ.

ನನಗೆ ಸಿಟ್ಟಿರುವುದು ಬಿಸಿಲಿನ ಮೇಲಲ್ಲ, ಕರಕುಶಲ ಮೇಳಗಳ ಮೇಲೆ. ಅಲ್ಲಿ ಸಪಾಟಾಗಿರುವ ರೆಕಾರ್ಡನ್ನು ಬೇಕೆಂದೇ ಓವನ್ನಿನಲ್ಲಿ ಬಿಸಿ ಮಾಡಿ, ಪಾತ್ರೆಯ ಮೇಲೆ ಮಗುಚಿ ಬೋಗುಣಿ ಮಾಡಿ ಮಾರುತ್ತಾರೆ. ಈಚೆಗೆ ಗೆಳೆಯರೊಬ್ಬರ ಮನೆಯಲ್ಲಿ ಅಂಥದೊಂದರಲ್ಲಿ ಚುರುಮುರಿ ತಂದಿಟ್ಟರು. ತಿನ್ನುತ್ತ ತಿನ್ನುತ್ತ ತಳದ ಲೇಬಲ್ಲು ಕಾಣಿಸಿಕೊಂಡಿತು. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಣ್ಣನಿಗೆ ಎಷ್ಟೋ ಸಲ ಹೇಳಿಟ್ಟಿದ್ದರೂ ಸಿಗದ ಪ್ಲೇಟು. “ಇನ್ನೊಂಚೂರು ಹಾಕ್ಲಾ?” ಎಂದರು ಆ ಮನೆಯ ಅತ್ತಿಗೆ. ಬೇಡ ಎಂದು, ಉಳಿದದ್ದನ್ನು ಅಂಗೈಗೆ ಸುರಿದುಕೊಂಡು, ಬೋಗುಣಿಯನ್ನು ಟ್ಯೂಬ್‌ಲೈಟಿನ ಕಡೆ ಓರೆಯಾಗಿ ಹಿಡಿದು ನೋಡಿದೆ. ಒಂದೇ ಒಂದು ಗೀರಿರಲಿಲ್ಲ.