ಬಾಲಿ ಎಂಬ ಹೋಬಳಿ: ಮೊದಲ ದ್ವೀಪಯಾತ್ರೆ ಹೊರಡುವವರಿಗೊಂದು ಸಿದ್ಧಾಂತ ನಿರೂಪಣೆ

ನಂಜನಗೂಡು, ತಿರುಮಕೂಡಲು ನರಸೀಪುರ ಕಡೆಯ ಕುಟುಂಬವೊಂದು ಮೊದಲ ಸಲ ಬಾಲಿ ದ್ವೀಪಕ್ಕೆ ಹೊರಡುವ ಮನಸ್ಸು ಮಾಡಿತೆಂದರೆ, ಆ ಮನೆಯ ನಡುಮನೆ ತಿಂಗಳೊಪ್ಪತ್ತು ವಿದೇಶಾಂಗ ಕಚೇರಿಯಾಗಿ ಬಿಡುತ್ತದೆ. ದೊಡ್ಡ ಸೂಟ್‌ಕೇಸನ್ನು ಯಾವ ನೆಂಟರಿಂದ ಕಡ ತರುವುದು, ಚಟ್ನಿಪುಡಿ ಎಷ್ಟು ಒಯ್ಯುವುದು, ಪುಳಿಯೋಗರೆ ಗೊಜ್ಜು ಸೋರಿದರೆ ಗತಿಯೇನು, ಅಲ್ಲಿಯ ನೀರು ಅಜ್ಜಿಗೆ ಒಗ್ಗುತ್ತದೆಯೇ ಎಂಬ ಚರ್ಚೆಗಳಿಗೆ ಕೊನೆಯಿಲ್ಲ. ಈ ಗಲಿಬಿಲಿಗೆಲ್ಲ ಮೂಲ ಒಂದೇ ತಪ್ಪು ಕಲ್ಪನೆ. ಬಾಲಿ ಪರದೇಶ ಎಂದು ಎಲ್ಲರೂ ವಿಚಾರಿಸದೆ ನಂಬಿದ್ದಾರೆ. ಪ್ರಸ್ತುತ ಪ್ರಬಂಧವು ಅದನ್ನು ಖಂಡಿಸುತ್ತದೆ. ಬಾಲಿಯು ಈ ಎರಡು ತಾಲ್ಲೂಕುಗಳಿಗೆ ಸೇರಿದ, ತುಸು ದೂರದಲ್ಲಿರುವ ಒಂದು ಹೋಬಳಿ ಎಂಬುದು ಇಲ್ಲಿಯ ಸಿದ್ಧಾಂತ. ಸಿದ್ಧಾಂತ ಒಪ್ಪಿದವರಿಗೆ ಪ್ರವಾಸದ ಯೋಜನೆ ಹಾಕುವುದು ಸೋದರಮಾವನ ಊರಿಗೆ ಹೊರಟಷ್ಟೇ ಸಲೀಸು. ಬಲಿ ಚಕ್ರವರ್ತಿಯ ಹೆಸರನ್ನು ಮಾತ್ರ ಈ ವಾದಕ್ಕೆ ಎಳೆದು ತರುವುದಿಲ್ಲ. ಆ ದಾರಿಯಲ್ಲಿ ಹೋದ ಪಂಡಿತರು ಯಾರೂ ಕ್ಷೇಮವಾಗಿ ಮರಳಿಲ್ಲ.

ಭೂಗೋಳದ ಸಾಕ್ಷ್ಯವನ್ನು ಬೇಗ ಮುಗಿಸೋಣ. ಪ್ರವಾಸದ ಜಾಹೀರಾತುಗಳು ‘ಉಷ್ಣವಲಯದ ಸ್ವರ್ಗ’ ಎಂದು ಮಾರುವ ಸರಕು, ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಮಕರ ಸಂಕ್ರಾಂತಿ ವೃತ್ತಕ್ಕೂ ನಡುವಿನ ನೆಲ. ನಂಜನಗೂಡು ಸಮಭಾಜಕದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ, ಬಾಲಿ ದಕ್ಷಿಣಕ್ಕೆ ಸುಮಾರು 8 ಡಿಗ್ರಿ. ಸ್ವರ್ಗದ ಅರ್ಹತೆ ಇಬ್ಬರಿಗೂ ಸಮಾನ; ಒಬ್ಬರು ಅದಕ್ಕೆ ಬಾಡಿಗೆ ವಸೂಲು ಮಾಡುತ್ತಾರೆ, ಇನ್ನೊಬ್ಬರು ಸೆಕೆ ಎಂದು ಗೊಣಗುತ್ತಾರೆ. ವಿಸ್ತೀರ್ಣದಲ್ಲಿ ಬಾಲಿ ಸುಮಾರು 5,780 ಚದರ ಕಿ.ಮೀ., ಅಂದರೆ ಮೈಸೂರು ಜಿಲ್ಲೆಗಿಂತ ಚಿಕ್ಕದು. ದೂರದ ಮಾತು ಎತ್ತುವವರು ಗಮನಿಸಬೇಕು: ಬೆಂಗಳೂರಿನಿಂದ ನೇರ ವಿಮಾನ ಹತ್ತಿದರೆ ಸುಮಾರು ಏಳು ಗಂಟೆ, ಅದರಲ್ಲಿ ನಿದ್ದೆಯೂ ಸೇರಿದೆ. ನಿಜವಾದ ಪರದೇಶವಾಸ ಇರುವುದು ಕೆಂಗೇರಿಗೂ ಹೆಬ್ಬಾಳಕ್ಕೂ ನಡುವೆ. ಅದನ್ನು ದಾಟಿದವನಿಗೆ ಹಿಂದೂ ಮಹಾಸಾಗರ ಒಂದು ಹಳ್ಳ.

ಪಂಚಾಂಗದ ಸಾಕ್ಷ್ಯ ಇದಕ್ಕಿಂತ ಗಟ್ಟಿ. ಬಾಲಿಯವರು ಎಣಿಸುವುದು ಶಕವರ್ಷ. ನಮ್ಮ ಪಂಚಾಂಗದ ಮೊದಲ ಪುಟದಲ್ಲಿರುವುದೂ ಅದೇ. 2023ರ ಮಾರ್ಚ್ 22ರಂದು ನಮಗೆ ಯುಗಾದಿ, ಅವರಿಗೆ ನ್ಯೆಪಿ ಎಂಬ ಹೊಸವರ್ಷ, ಇಬ್ಬರಿಗೂ ಶಕ 1945. 2026ರ ಮಾರ್ಚ್ 19ರಂದು ಮತ್ತೆ ಎರಡೂ ಒಂದೇ ದಿನ, ಶಕ 1948. ನಡುವೆ 2025ರಲ್ಲಿ ಅವರದು ಒಂದು ದಿನ ಮೊದಲೇ ಬಂತು, 2024ರಲ್ಲಿ ಸುಮಾರು ಒಂದು ತಿಂಗಳು ಮೊದಲು. ಇದನ್ನು ಹಿಡಿದು ಸಿದ್ಧಾಂತವನ್ನು ಬೀಳಿಸಲಾಗದು. ಒಂದೇ ಬೀದಿಯ ಎರಡು ಮಠದವರು ಏಕಾದಶಿಯನ್ನು ಎರಡು ದಿನ ಮಾಡುವ ಸೀಮೆಯಲ್ಲಿ ಇಷ್ಟು ವ್ಯತ್ಯಾಸ ರಕ್ತಸಂಬಂಧದ ಗುರುತು. ಆದರೆ ಯೋಜನೆ ಹಾಕುವವರು ಇಲ್ಲಿ ಎಚ್ಚರ ತಪ್ಪಬಾರದು. ಯುಗಾದಿಯ ರಜೆಗೆ ಎರಡು ದಿನ ಸೇರಿಸಿಕೊಂಡು ಹೋಗೋಣ ಎಂದು ಟಿಕೆಟ್ ಮಾಡಿಸಿದ ಕುಟುಂಬ ನ್ಯೆಪಿಯ ಬಾಯಿಗೆ ಬೀಳುತ್ತದೆ. ಆ ದಿನ ಬೆಳಿಗ್ಗೆ ಆರರಿಂದ ಮರುದಿನ ಆರರವರೆಗೆ ಇಡೀ ದ್ವೀಪ ಮೌನ. ಬೆಂಕಿ ಹೊತ್ತಿಸುವಂತಿಲ್ಲ, ಕೆಲಸ ಮಾಡುವಂತಿಲ್ಲ, ಮನೆ ಬಿಟ್ಟು ಹೊರಡುವಂತಿಲ್ಲ, ಮನರಂಜನೆ ಕೂಡದು. ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ಮೊಬೈಲ್ ಇಂಟರ್ನೆಟ್ಟೂ ನಿಲ್ಲುತ್ತದೆ. ಪ್ರವಾಸಿಗರು ಹೋಟೆಲಿನ ಆವರಣ ದಾಟಿದರೆ ಪೆಚಲಾಂಗ್ ಎಂಬ ಊರ ಕಾವಲಿನವರು ನಯವಾಗಿ ಒಳಗೆ ಕಳಿಸುತ್ತಾರೆ. ಒಬ್ಬಟ್ಟಿನ ಹೂರಣ ರುಬ್ಬಬೇಕಾದ ದಿನ ಒಲೆಯ ಹತ್ತಿರ ಸುಳಿಯುವಂತಿಲ್ಲ ಎಂದರೆ ಮನೆಯ ಹಿರಿಯರು ಏನನ್ನುತ್ತಾರೆ ಎಂಬುದನ್ನು ಓದುಗರ ಊಹೆಗೇ ಬಿಡಲಾಗಿದೆ. ಮರುದಿನ ಅವರು ಮತ್ತೆ ಬೆಂಕಿ ಹೊತ್ತಿಸಿ ನೆಂಟರಿಷ್ಟರ ಮನೆಗಳಿಗೆ ಹೊರಡುತ್ತಾರೆ. ಹಬ್ಬದ ಮರುದಿನವೇ ಒಲೆಗೆ ನಿಜವಾದ ಕೆಲಸ ಎಂಬುದನ್ನು ಹೊಸತೊಡಕಿನ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಇನ್ನು ನ್ಯೆಪಿಯ ಹಿಂದಿನ ಸಂಜೆ, ಆಳೆತ್ತರ ಮೀರಿದ ರಾಕ್ಷಸ ಪ್ರತಿಮೆಗಳನ್ನು ಬೀದಿಯಲ್ಲಿ ಹೊತ್ತು ಕುಣಿಸಿ ಸುಡುವ ಪದ್ಧತಿಯಿದೆ. ನಂಜನಗೂಡಿನ ರಾಕ್ಷಸ ಮಂಟಪದ ಬಳಿ ಅಂಧಕಾಸುರನನ್ನು ರಂಗೋಲಿಯಲ್ಲಿ ಬರೆದು ಕಾಲಿನಿಂದ ತುಳಿದು ಅಳಿಸುವುದನ್ನು ಕಂಡವರು ಎರಡನ್ನೂ ಒಂದೇ ಇಲಾಖೆಯ ಎರಡು ಶಾಖೆಗಳೆಂದು ಗುರುತಿಸುತ್ತಾರೆ. ಅಲ್ಲಿ ಸುಡಲು ಮೊದಲು ತಿಂಗಳುಗಟ್ಟಲೆ ಕಟ್ಟಬೇಕು, ಇಲ್ಲಿ ಪುಡಿ ಉದುರಿಸಿದರೆ ಸಾಕು. ಮಿತವ್ಯಯದಲ್ಲಿ ನಂಜನಗೂಡೇ ಮುಂದು.

ಈಗ ಗದ್ದೆಗೆ ಇಳಿಯೋಣ, ಬಾಲಿಗೆ ಹೋದವರೆಲ್ಲ ಇಳಿಯುವುದೂ ಅಲ್ಲಿಗೇ. ಉಬುದ್ ಊರಿನ ಬಳಿ ತೆಗಲ್ಲಲಾಂಗ್ ಎಂಬಲ್ಲಿ ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಭತ್ತದ ಗದ್ದೆಗಳಿವೆ. ಒಳಗೆ ಹೋಗಲು ದುಡ್ಡು, ಗದ್ದೆಯ ಮೇಲೆ ಉಯ್ಯಾಲೆ ಆಡಲು ಬೇರೆ ದುಡ್ಡು, ಆಡುವಾಗ ಗಾಳಿಗೆ ಹಾರಬೇಕಾದ ಉದ್ದನೆಯ ನಿಲುವಂಗಿಗೆ ಮತ್ತೂ ಬೇರೆ ದುಡ್ಡು. ಕಬಿನಿ ಮತ್ತು ಕಾವೇರಿ ನಾಲೆಗಳ ನೀರುಂಡು ಬೆಳೆದ ನರಸೀಪುರ ತಾಲ್ಲೂಕಿನ ಭತ್ತದ ಬಯಲಿಗೆ ಇಂದಿನವರೆಗೂ ಯಾರೂ ಟಿಕೆಟ್ ಇಟ್ಟಿಲ್ಲ. ಹಾಗೆಂದು ಬಾಲಿಯ ಗದ್ದೆ ಬರೀ ಫೋಟೋದ ಹಿನ್ನೆಲೆಯಲ್ಲ. ಅಲ್ಲಿ ಸುಬಾಕ್ ಎಂಬ ನೀರು ಹಂಚಿಕೆಯ ರೈತಸಂಘಗಳಿವೆ. ಸಾವಿರ ವರ್ಷಕ್ಕೂ ಹಳೆಯ ಪದ್ಧತಿ ಅದು. ಯಾವ ಮಡಿಗೆ ಯಾವಾಗ ನೀರು, ಯಾವಾಗ ನಾಟಿ ಎಂಬುದು ನೀರಿನ ದೇವಸ್ಥಾನಗಳ ಸುತ್ತ ತೀರ್ಮಾನವಾಗುತ್ತದೆ. 1970ರ ದಶಕದಲ್ಲಿ ಹಸಿರು ಕ್ರಾಂತಿಯ ತಜ್ಞರು ಬಂದು, ದೇವಸ್ಥಾನದ ಗೊಡವೆ ಬಿಡಿ, ವರ್ಷವಿಡೀ ನಾಟಿ ಮಾಡಿ ಎಂದರು. ಒಬ್ಬೊಬ್ಬರು ಒಂದೊಂದು ಕಾಲಕ್ಕೆ ಬೆಳೆದದ್ದರಿಂದ ಕೀಟಕ್ಕೆ ವರ್ಷಪೂರ್ತಿ ಊಟ ಸಿಕ್ಕಿತು, ಬೆಳೆ ನೆಲಕಚ್ಚಿತು. ಎಲ್ಲರೂ ಒಟ್ಟಿಗೆ ಗದ್ದೆ ಪಾಳು ಬಿಡುವ ಹಳೆಯ ಕ್ರಮದಿಂದ ಕೀಟ ಹಸಿದು ಸಾಯುತ್ತಿತ್ತು ಎಂಬುದನ್ನು ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಲೆಕ್ಕ ಹಾಕಿ ತೋರಿಸಿದರು. ನೀರುಗಂಟಿಯ ಕಾಲವನ್ನು ನೆನೆಯುವ, ಈಗ ಕಟ್ಟು ಪದ್ಧತಿಯಲ್ಲಿ ನೀರು ಯಾವಾಗ ಬಂದೀತೆಂದು ನಾಲೆಯ ಕೊನೆಯಲ್ಲಿ ಕಾಯುವ ರೈತನಿಗೆ ಇದು ಬೇಗ ಅರ್ಥವಾಗುತ್ತದೆ, ಇಂಜಿನಿಯರಿಗೆ ತಡವಾಗಿ. ಯುನೆಸ್ಕೊ 2012ರಲ್ಲಿ ಸುಬಾಕ್ ಭೂದೃಶ್ಯವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಹೊಯ್ಸಳರ ದೇವಾಲಯಗಳ ಜೊತೆ ಸೋಮನಾಥಪುರವನ್ನೂ ಸೇರಿಸಿತು. ಅವರದು ಇಡೀ ಪ್ರಾಂತಕ್ಕೊಂದು, ನರಸೀಪುರದ್ದು ಒಂದೇ ತಾಲ್ಲೂಕಿಗೊಂದು. ಯೋಜನೆಯ ದೃಷ್ಟಿಯಿಂದ ಹೇಳುವುದಾದರೆ, ಕುಟುಂಬದಲ್ಲಿ ಬೇಸಾಯಗಾರನಿದ್ದರೆ ತೆಗಲ್ಲಲಾಂಗ್‌ಗೆ ಒಂದು ಗಂಟೆ ಎಂದು ಬರೆದುಕೊಳ್ಳಬಾರದು, ಒಂದು ದಿನ ಎಂದು ಬರೆದುಕೊಳ್ಳಬೇಕು. ಮಕ್ಕಳು ಉಯ್ಯಾಲೆಯ ಸಾಲಿನಲ್ಲಿ ನಿಂತಿರುವಾಗ ಆತ ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದಿರುತ್ತಾನೆ. ತೆನೆಯೊಂದನ್ನು ಅಂಗೈಯಲ್ಲಿ ಉಜ್ಜಿ ಜೊಳ್ಳೆಷ್ಟು ಎಂದು ಊದಿ ನೋಡಿರುತ್ತಾನೆ. ಏಡಿ ಕೊರೆದ ತೂತಿನಿಂದ ಕೆಳಗಿನ ಮಡಿಗೆ ನೀರು ಸೋರುವುದು ಕಂಡರೆ ಹಿಮ್ಮಡಿಯಿಂದ ಕೆಸರೊತ್ತಿ ಮುಚ್ಚದೆ ಬರುವವನಲ್ಲ. ಟಿಕೆಟ್ ಕೊಟ್ಟು ಗದ್ದೆ ಕೆಲಸ ಮಾಡಿ ಬಂದವನನ್ನು ಪ್ರವಾಸಿ ಎನ್ನುವುದು ಹೇಗೆ? ಗೇಣಿದಾರ ಎನ್ನಬಹುದು.

ಉಳಿದ ಸಾಕ್ಷ್ಯಗಳು ಸಣ್ಣವು, ಆದರೆ ಬಿಡುವಂಥವಲ್ಲ. ಬಾಲಿಯ ತೀರ್ತ ಎಂಪುಲ್ ಎಂಬ ಹತ್ತನೆಯ ಶತಮಾನದ ಕ್ಷೇತ್ರದಲ್ಲಿ ಸಾಲು ಕಲ್ಲುದೋಣಿಗಳಿಂದ ಸುರಿಯುವ ನೀರಿಗೆ ತಲೆಯೊಡ್ಡುವ ಸ್ನಾನ, ನಂಜನಗೂಡಿನಲ್ಲಿ ಕಪಿಲಾ ಸ್ನಾನ. ಅಲ್ಲಿ ಬಟ್ಟೆಯನ್ನು ಬಾಡಿಗೆಗೆ ಕೊಟ್ಟು ಎಣಿಸಿ ವಾಪಸು ಪಡೆಯುತ್ತಾರೆ, ಇಲ್ಲಿ ಭಕ್ತರು ಉಟ್ಟದ್ದನ್ನು ಹೊಳೆಯಲ್ಲೇ ಬಿಟ್ಟು ಹೋಗುತ್ತಾರೆ. ಈ ಒಂದು ವಿಷಯದಲ್ಲಿ ಹೋಬಳಿಯಿಂದ ತಾಲ್ಲೂಕು ಕಲಿಯುವುದಿದೆ. ಬಾಲಿಯ ಬೀದಿಯಲ್ಲಿ ‘ವಯಾನ್’ ಎಂದು ಕೂಗಿದರೆ ನಾಲ್ಕು ಮಂದಿ ತಿರುಗಿ ನೋಡುತ್ತಾರೆ, ಏಕೆಂದರೆ ಚೊಚ್ಚಲ ಮಕ್ಕಳಿಗೆ ಸಾಮಾನ್ಯವಾಗಿ ಅದೇ ಹೆಸರು. ನಂಜನಗೂಡಿನ ತೇರಿನ ಬೀದಿಯಲ್ಲಿ ‘ನಂಜುಂಡ’ ಎಂದು ಕೂಗಿ ನೋಡಲಿ. ಊಲುವಾತು ದೇಗುಲದ ಕೋತಿಗಳು ಕನ್ನಡಕ, ಮೊಬೈಲು ಕಿತ್ತುಕೊಂಡು ಹಣ್ಣು ಕೊಟ್ಟರೆ ಮಾತ್ರ ಹಿಂದಿರುಗಿಸುತ್ತವೆ. ವಯಸ್ಸಾದ ಕೋತಿಗಳು ವಸ್ತುವಿನ ಬೆಲೆ ನೋಡಿ ಚೌಕಾಸಿ ಮಾಡುತ್ತವೆಂದು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳುತ್ತದೆ. ಈ ವ್ಯವಹಾರಕ್ಕೆ ನಂಜನಗೂಡು ರಸಬಾಳೆ ಒಯ್ಯುವ ಯೋಚನೆ ಬೇಡ. ಸೊರಗುರೋಗಕ್ಕೆ ಸಿಕ್ಕಿ ತೋಟಗಳೇ ಕರಗಿರುವಾಗ, ಭೌಗೋಳಿಕ ಸೂಚ್ಯಂಕ ಪಡೆದ ಆ ಹಣ್ಣಿನ ಮುಂದೆ ಹಳೆಯ ಮೊಬೈಲು ಅಗ್ಗ.

ಇಷ್ಟಾದರೂ ಸಂಶಯಾತ್ಮರು ಕೇಳುತ್ತಾರೆ: ಹೋಲಿಕೆ ಇದ್ದ ಮಾತ್ರಕ್ಕೆ ಸಂಬಂಧ ಹೇಗೆ? ಇದಕ್ಕೆ ಉತ್ತರ ಅಗಸ್ತ್ಯ. ಹನುಮಂತ ಕಾಶಿಯಿಂದ ಲಿಂಗ ತರುವುದು ತಡವಾಗಿ, ಮುಹೂರ್ತ ಮೀರುತ್ತದೆಂದು ಮುನಿ ಮರಳಿನಲ್ಲೇ ಲಿಂಗ ಮಾಡಿ ನಿಲ್ಲಿಸಿದ ಎಂಬುದು ತಿರುಮಕೂಡಲಿನ ಅಗಸ್ತ್ಯೇಶ್ವರನ ಸ್ಥಳಪುರಾಣ. ಇದೇ ಅಗಸ್ತ್ಯ ಜಾವಾದಲ್ಲೂ ಸಿಗುತ್ತಾನೆ. ಶಕ 682, ಅಂದರೆ ಕ್ರಿ.ಶ. 760ರ ದಿನೋಯೊ ಶಾಸನದಲ್ಲಿ ಗಜಯಾನನೆಂಬ ಅರಸ, ಹಿರಿಯರು ಮಾಡಿಸಿದ್ದ ಗಂಧದ ಮರದ ಅಗಸ್ತ್ಯನ ಬದಲಿಗೆ ಕರಿಕಲ್ಲಿನ ಪ್ರತಿಮೆ ಮಾಡಿಸಿದ್ದು ದಾಖಲಾಗಿದೆ. ಪ್ರಂಬನನ್ ದೇಗುಲದ ಶಿವಾಲಯದಲ್ಲಿ ದಕ್ಷಿಣದ ಗೂಡು ಅವನದೇ. ಜಾವಾದಿಂದ ಬಾಲಿಗೆ ನಡುವೆ ಸಣ್ಣ ಜಲಸಂಧಿ, ದೋಣಿಯಲ್ಲಿ ಒಂದು ಗಂಟೆಯೊಳಗಿನ ದಾರಿ. ಗಂಧದ ಮರ ಎಂದ ಮೇಲೆ ಮೈಸೂರು ಸೀಮೆ ಬಿಟ್ಟು ಬೇರೆ ಎಲ್ಲಿಂದ ಹೋದೀತು? ತಿಮೋರ್ ದ್ವೀಪದಲ್ಲೂ ಗಂಧ ಬೆಳೆಯುತ್ತದೆ ಎಂಬ ಅನನುಕೂಲ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬೇಕು. ಈ ಪ್ರಬಂಧಕ್ಕೆ ಅಡಿಟಿಪ್ಪಣಿಗಳಿಲ್ಲ.

ಸಮುದ್ರವೇ ಇಲ್ಲದ ತಾಲ್ಲೂಕಿಗೆ ದ್ವೀಪದೊಡನೆ ಎಂಥ ಸಂಬಂಧ ಎಂಬುದು ಎರಡನೆಯ ಆಕ್ಷೇಪ. ಇದನ್ನು ಎತ್ತುವವರು ಅಗಸ್ತ್ಯನ ಬಗ್ಗೆ ಅರ್ಧ ಮಾತ್ರ ಓದಿದವರು. ಆತ ಸಮುದ್ರವನ್ನೇ ಕುಡಿದವನು. ಆತ ನೆಲೆ ನಿಂತ ಊರಿನ ಸುತ್ತ ಸಮುದ್ರ ಕಾಣದಿರುವುದು ವಾದಕ್ಕೆ ಪೂರಕ ಸಾಕ್ಷ್ಯವೇ ಹೊರತು ಬಾಧಕವಲ್ಲ. ಕಡಲು ಹೋದರೂ ಕಡಲ ತೀರ ಉಳಿದಿದೆ, ತಲಕಾಡಿನಲ್ಲಿ. ಅಲ್ಲಿಯ ಮರಳಿಗೆ ಅಲಮೇಲಮ್ಮನ ಶಾಪ ಕಾರಣವೆಂದು ಜನ, ನದಿಯ ತಿರುವು ಮತ್ತು ಗಾಳಿ ಕಾರಣವೆಂದು ಭೂವಿಜ್ಞಾನಿಗಳು. ಮಧ್ಯಾಹ್ನ ಹನ್ನೆರಡಕ್ಕೆ ಬರಿಗಾಲಲ್ಲಿ ಪಾತಾಳೇಶ್ವರನಿಂದ ಮರುಳೇಶ್ವರನ ಕಡೆಗೆ ಓಡುವವರಿಗೆ ಎರಡೂ ಸರಿ ಅನ್ನಿಸುತ್ತದೆ. ದೇವಾಲಯಗಳನ್ನೇ ಹೂತುಹಾಕುವಷ್ಟು ಮರಳಿರುವ ಬೀಚು ಬಾಲಿಯಲ್ಲಿ ಇಲ್ಲ.

ಮೂರನೆಯ ಆಕ್ಷೇಪ ತುಸು ಕಷ್ಟದ್ದು. ಎಲ್ಲವೂ ಇಲ್ಲೇ ಇದ್ದರೆ, ಬಾಲಿ ನಮ್ಮದೇ ಆದರೆ, ಸಾಲ ಮಾಡಿ ಅಲ್ಲಿಗೆ ಹೋಗುವುದೇಕೆ? ನರಸೀಪುರದ ಗುಂಜಾ ನರಸಿಂಹಸ್ವಾಮಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಆತನ ಕೈಯಲ್ಲಿ ಗುಲಗಂಜಿಯಿದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥವೆಂದು ಹೇಳಿಕೊಂಡು ಬಂದಿದ್ದಾರೆ. ಈ ಮಾತಿನ ತರ್ಕವನ್ನು ಯಾರೂ ಸರಿಯಾಗಿ ಗಮನಿಸಿದಂತಿಲ್ಲ. ಗುಲಗಂಜಿಯಷ್ಟು ಸೂಕ್ಷ್ಮ ವ್ಯತ್ಯಾಸ ಹೇಳಬೇಕಾದರೆ ಕಾಶಿಯನ್ನೂ ತಕ್ಕಡಿಗೆ ಹಾಕಿರಲೇಬೇಕು; ಊರಲ್ಲೇ ಕೂತವರು ಆನೆಯಷ್ಟು ಹೆಚ್ಚು ಎನ್ನುತ್ತಿದ್ದರು. ಹೋಗಿ ನೋಡಿ ಬಂದವರಿಗೆ ಮಾತ್ರ ಗುಲಗಂಜಿಯ ಲೆಕ್ಕ ಬರುತ್ತದೆ. ಆದ್ದರಿಂದ ಬಾಲಿಯ ಪ್ರವಾಸವನ್ನು ವಿಹಾರವೆಂದು ಬಗೆಯದೆ ತೂಕ ಪರಿಶೀಲನೆ ಎಂದು ಬಗೆಯತಕ್ಕದ್ದು. ಪರಿಶೀಲನೆಗೆ ತಕ್ಕ ಕಾಲ ಏಪ್ರಿಲ್‌ನಿಂದ ಅಕ್ಟೋಬರ್, ಅಲ್ಲಿ ಮಳೆ ಕಡಿಮೆ; ನಮ್ಮ ಬೇಸಿಗೆ ರಜೆ ಅದರಲ್ಲಿ ಸರಿಯಾಗಿ ಕೂರುತ್ತದೆ. ಮಾರ್ಚ್-ಏಪ್ರಿಲ್‌ನಲ್ಲಿ ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರು ಎಳೆದು ಮುಗಿದ ಮೇಲೆ ಹೊರಡುವುದು ಕ್ಷೇಮ. ತೇರಿನ ದಿನ ಊರಲ್ಲಿಲ್ಲದವರ ವಿಚಾರ ಮುಂದಿನ ತೇರಿನವರೆಗೂ ನಡೆಯುತ್ತದೆ. ಸಸ್ಯಾಹಾರಿಗಳು ತರಕಾರಿ ಪಲ್ಯದಲ್ಲೂ ‘ತೆರಾಸಿ’ ಇದೆಯೇ ಎಂದು ಕೇಳಬೇಕು. ಅದು ಸೀಗಡಿ ಹುದುಗಿಸಿದ ಗೊಜ್ಜು, ನಮ್ಮ ಅಡುಗೆಯ ಇಂಗಿನಂತೆ ಎಲ್ಲೆಲ್ಲೂ ಅಡಗಿರುತ್ತದೆ. ಚಟ್ನಿಪುಡಿ ಒಯ್ಯಲು ಸಿದ್ಧಾಂತದ ಅಡ್ಡಿಯಿಲ್ಲ. ತಾಲ್ಲೂಕಿನಿಂದ ಹೋಬಳಿಗೆ ಹೋಗುವಾಗ ಬುತ್ತಿ ಕಟ್ಟುವುದು ವಾಡಿಕೆ.

ಕಡೆಯ ಆಕ್ಷೇಪ ಕಾಗದಪತ್ರದ್ದು. ಹೋಬಳಿಗೆ ಪಾಸ್‌ಪೋರ್ಟ್ ಏಕೆ? ಪಾಸ್‌ಪೋರ್ಟ್ ಮಾಡಿಸುವಾಗ ಹೆಸರಿನ ಮುಂದಿನ ಇನಿಷಿಯಲ್ ಬಿಡಿಸಿ ಬರೆಯಬೇಕಾಗುತ್ತದೆ, ಮತ್ತು ಈ ಸೀಮೆಯಲ್ಲಿ ಇನಿಷಿಯಲ್ ಎಂದರೆ ಬಹುಪಾಲು ಊರು. ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯನವರು ತಿರುಮಕೂಡಲನ್ನು ಹಾಗೆಯೇ ಕಛೇರಿಯಿಂದ ಕಛೇರಿಗೆ ಹೊತ್ತು ತಿರುಗಿದರು. ದೆನ್‌ಪಸಾರ್ ವಿಮಾನ ನಿಲ್ದಾಣದ ಅಧಿಕಾರಿ ‘ಮಿಸ್ಟರ್ ನಂಜನಗೂಡು’ ಎಂದು ಕರೆದಾಗ ಊರೇ ಖುದ್ದಾಗಿ ಹಾಜರಾದಂತೆ. ಹಾಜರಾದ ಊರು ಆಗಮನ ವೀಸಾಕ್ಕೆ 5 ಲಕ್ಷ ರುಪಿಯಾ ಕಟ್ಟಬೇಕು, 2024ರ ಫೆಬ್ರುವರಿಯಿಂದ ಜಾರಿಯಾದ ಪ್ರವಾಸಿ ತೆರಿಗೆ 1.5 ಲಕ್ಷ ಬೇರೆ. ಅಂಕಿ ನೋಡಿ ಎದೆ ಒಡೆದುಕೊಳ್ಳುವುದು ಬೇಡ, ಎರಡೂ ಕೂಡಿದರೆ ನಮ್ಮ ಲೆಕ್ಕದಲ್ಲಿ ನಾಲ್ಕು ಸಾವಿರ ರೂಪಾಯಿ ದಾಟುವುದಿಲ್ಲ. ಆದರೂ ತತ್ತ್ವದ ಪ್ರಶ್ನೆ ಉಳಿಯುತ್ತದೆ. ಸ್ವಂತ ಹೋಬಳಿಯೊಳಗೆ ಕಾಲಿಡಲು ಸುಂಕ ಕೊಡುವುದು ನ್ಯಾಯವಲ್ಲ. ಬಾಲಿ ಸೇರಬೇಕಾದ್ದು ಕಪಿಲೆಯ ನಂಜನಗೂಡಿಗೋ ಸಂಗಮದ ನರಸೀಪುರಕ್ಕೋ ಎಂಬುದು ಇತ್ಯರ್ಥವಾಗುವವರೆಗೆ ಯಾತ್ರಿಗಳು ಹಣ ಕಟ್ಟಲಿ, ರಸೀದಿಯ ಬೆನ್ನಿಗೆ ‘ಆಕ್ಷೇಪಣೆ ಸಹಿತ ಪಾವತಿ’ ಎಂದು ಬರೆದು ರುಜು ಹಾಕಲಿ. ಮರುಪಾವತಿಯ ಅರ್ಜಿಗೆ ತಾಲ್ಲೂಕು ಕಚೇರಿಯಲ್ಲಿ ಅಸಲು ರಸೀದಿಯನ್ನೇ ಕೇಳುತ್ತಾರೆ, ಜೆರಾಕ್ಸ್ ನಡೆಯುವುದಿಲ್ಲ.